ಬಾಳೆಕಂಬ ಕಟ್ಟಿದ ಇಂಜಿನ್ನಿನ ಫೋಟೊ

“ನಂಬರ ಆಮ್ಯಾಲೆ ನೋಡ್ರಿ ಮಾಸ್ತರ, ಮದಲ ಚಿಮಣಿ ನೋಡ್ರಿ,” ಎಂದು ಅವರ ಕೈಯಿಂದ ಫೋಟೊ ಕಸಿದುಕೊಂಡೆ. “ಇದು ಬೋಳು ಚಿಮಣಿ. ನೀವು ಬರದಿದ್ದು ಅಂಚು ಇದ್ದ ಚಿಮಣಿ ಇಂಜಿನ್ನಿನ ಹೆಸರು. ಹೊಡೀರಿ ಕಾಟು.”

ಸ್ಟೇಶನ್ ಮಾಸ್ತರರು ಟಾಕು ಕೆಳಗಿಟ್ಟು ನನ್ನನ್ನೇ ನೋಡಿದರು. “ಎರಡನೇ ಇಯತ್ತೆ ಕಲ್ತಾಂವ ನನ್ನ ಬರಹಕ್ಕ ಕಾಟು ಹೊಡಸ್ತೀ ಅಲ್ಲೋ,” ಎಂದರು. ಆದರೂ ಹೊಡೆದರು.

ಬಾಗಲಕೋಟೆ ಸ್ಟೇಶನ್ನಿನ ಪಾರ್ಸಲ್ ಕೋಣೆಯಲ್ಲಿ ಕೂತಿದ್ದೆವು. ನೆಲಕ್ಕೆ ಗೋಣಿತಾಟು ಹಾಸಿ ಅದರ ಮೇಲೆ ಫೋಟೊ ಹರಡಿದ್ದೆವು. ಕಂಪನಿಯ ದೊಡ್ಡ ಸಾಹೇಬನಿಗೆ ಒಂದು ಆಲ್ಬಮ್ ಬೇಕಾಗಿತ್ತು. ಈ ಲೈನಿನಲ್ಲಿ ಓಡಿದ ಇಂಜಿನ್ನುಗಳ ಹಳೆಯ ಫೋಟೊಗಳನ್ನೆಲ್ಲ ಅಂಟಿಸಿ, ಕೆಳಗೆ ಇಂಜಿನ್ ಯಾವುದು, ಯಾವ ಕಾಲದ್ದು ಎಂದು ಬರೆದು ಕಳಿಸಬೇಕು. ಮಾಸ್ತರರಿಗೆ ಬರೆಯಲು ಬರುತ್ತಿತ್ತು, ಇಂಜಿನ್ ತಿಳಿಯುತ್ತಿರಲಿಲ್ಲ. ನಾನು ಶೆಡ್ಡಿನಲ್ಲಿ ಫಿಟರ್ ಕೈಕೆಳಗೆ ಇದ್ದವನು. ನನಗೆ ಇಂಜಿನ್ ತಿಳಿಯುತ್ತಿತ್ತು. ಅದಕ್ಕೇ ನನ್ನನ್ನು ಕರೆಸಿದ್ದರು.

ನಾನು ನೋಡುವ ರೀತಿ ಹೀಗೆ. ಮೊದಲು ಚಿಮಣಿ. ಆಮೇಲೆ ಬಾಯ್ಲರಿನ ಮೇಲಿನ ಗುಮ್ಮಟ ಮುಂದೆ ಕೂತಿದೆಯೋ ನಡುವೆಯೋ. ಆಮೇಲೆ ಗಾಲಿ ಎಷ್ಟು, ಅವು ಚೌಕಟ್ಟಿನ ಒಳಗೋ ಹೊರಗೋ. ಆಮೇಲೆ ಡ್ರೈವರ್ ನಿಲ್ಲುವ ಜಾಗಕ್ಕೆ ಪಕ್ಕದಲ್ಲಿ ತಗಡಿನ ಮರೆ ಇದೆಯೋ ಇಲ್ಲವೋ. ಮುಂದಿನ ತೊಲೆಯ ಹತ್ತಿರ ಬ್ರೇಕಿನ ರಬ್ಬರ್ ಕೊಳವೆ ಕಂಡರೆ ಹೊಸ ಬ್ರೇಕು ಬಂದ ಮೇಲಿನದು, ಕಾಣದಿದ್ದರೆ ಕೈಬ್ರೇಕಿನ ಕಾಲದ್ದು. ನಂಬರು ಎಲ್ಲಕ್ಕಿಂತ ಕೊನೆಗೆ. ಫೋಟೊದಲ್ಲಿ ಮೂರು ಎಂಟಾಗುತ್ತದೆ, ಒಂದು ಏಳಾಗುತ್ತದೆ. ಚಿಮಣಿ ಹಾಗೆ ಬದಲಾಗುವುದಿಲ್ಲ.

ಒಂದು ಸಲ ಈ ರೀತಿಯೂ ಕೈಕೊಟ್ಟಿತ್ತು. ಒಂದು ಫೋಟೊದಲ್ಲಿ ಇಂಜಿನ್ನನ್ನು ಹಿಂದೆ ಮುಂದೆ ಓಡಿಸುವ ಉದ್ದ ಸಲಾಕೆ ಎಡಗಡೆ ಇತ್ತು. ನಮ್ಮ ಲೈನಿನಲ್ಲಿ ಅದು ಬಲಗಡೆ. ಅಂಥ ಇಂಜಿನ್ ನಾನು ಕಂಡೇ ಇರಲಿಲ್ಲ. ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ಹಿಂದಿನ ಡಬ್ಬಿಯ ಅಕ್ಷರ ಕನ್ನಡಿಯಲ್ಲಿ ಕಂಡಂತೆ ಇರುವುದನ್ನು ಮಾಸ್ತರರು ತೋರಿಸಿದರು. ಫೋಟೊ ತೆಗೆದವನು ಗಾಜಿನ ಪ್ಲೇಟನ್ನು ಮಗುಚಿ ಹಾಕಿ ಅಚ್ಚು ಇಳಿಸಿದ್ದ. ಅಂದಿನಿಂದ ಮೊದಲು ಅಕ್ಷರ ಸರಿ ಇದೆಯೋ ನೋಡಿ, ಆಮೇಲೆ ಚಿಮಣಿ ನೋಡುತ್ತಿದ್ದೆ.

ಮೂರನೆಯ ದಿನ ಪೂಜೆಯ ಫೋಟೊ ಕೈಗೆ ಬಂತು. ಇಂಜಿನ್ನಿನ ಎರಡೂ ಮಗ್ಗುಲಿಗೆ ಬಾಳೆಕಂಬ, ಚಿಮಣಿಗೆ ಬುಡದಿಂದ ತುದಿಯವರೆಗೆ ಚೆಂಡುಹೂವು, ಮುಂದಿನ ತೊಲೆ ಕಾಣದ ಹಾಗೆ ಮಾವಿನ ತೋರಣ. ಮಹಾನವಮಿಗೆ ಆಯುಧಗಳಿಗೆ ಮಾಡುವ ಖಂಡೆ ಪೂಜೆ, ನಮ್ಮದೇ ಶೆಡ್ಡು. ಮೆಟ್ಟಿಲ ಮೇಲೆ ಗಡ್ಡದ ಫಾಯರ್‌ಮನ್ ಒಬ್ಬ ಸಲಿಕೆ ಹಿಡಿದು ನಿಂತಿದ್ದ. ಚಿಮಣಿ ಇಲ್ಲ, ಕೊಳವೆ ಇಲ್ಲ, ಎಲ್ಲ ಹೂವಿನೊಳಗೆ. ಕಾಣುತ್ತಿದ್ದದ್ದು ಪಕ್ಕದ ಹಿತ್ತಾಳೆಯ ನಂಬರ್ ಬಿಲ್ಲೆ ಒಂದೇ. ಕನ್ನಡಿಯಂತೆ ಹೊಳೆಯುತ್ತಿತ್ತು. ಮೂವತ್ತೊಂದು.

ಮಾಸ್ತರರು ಕಂಪನಿಯ ಪಟ್ಟಿ ತೆಗೆದರು. ಮೂವತ್ತೊಂದು ಈ ಲೈನಿಗೆ ಬಂದ ಮೊದಲ ಇಂಜಿನ್ನುಗಳಲ್ಲಿ ಒಂದು. ಬಾಯ್ಲರ್ ಸವೆದು, ಪ್ಲೇಗು ಬರುವುದಕ್ಕಿಂತ ಎಷ್ಟೋ ವರ್ಷ ಮೊದಲೇ ಬಿಚ್ಚಿಹಾಕಿದ್ದರು.

ಅದೇ ಹೊತ್ತಿಗೆ ಇಳಕಲ್ಲಿನ ಬಣ್ಣಗಾರನೊಬ್ಬ ಸೀರೆಯ ಗಂಟು ಕಳಿಸಲು ಒಳಗೆ ಬಂದ. ನೂಲಿಗೆ ಬಣ್ಣ ಹಾಕುವವನು, ಕೈಯೆಲ್ಲ ಮೊಣಕೈವರೆಗೆ ಕೆಂಪು. ಗಂಟು ಇಳಿಸಿ ಬಗ್ಗಿದವನು ಫೋಟೊದ ಗಡ್ಡದವನನ್ನು ನೋಡುತ್ತ ಹಾಗೆಯೇ ನಿಂತ.

“ಇವ ನಮ್ಮ ತಂಗಿ ಗಂಡ,” ಎಂದ. “ಪ್ಲೇಗಿನ್ಯಾಗ ಸತ್ತ. ಇದು ಯಾವಾಗಿಂದೋ ತಮ್ಮಾ?”

ನಾನು ಬಿಲ್ಲೆಯ ಮೇಲೆ ಬೆರಳಿಟ್ಟೆ. “ಮೂವತ್ತೊಂದು. ಪ್ಲೇಗಿಗಿಂತ ಭಾಳ ಮದಲಿಂದು.”

“ಹಂಗಾರ ಮದಿವಿಗೂ ಮದಲ,” ಎಂದು ಅವನು ಉಸಿರು ಬಿಟ್ಟ.

ಇಷ್ಟೇ ಆದದ್ದು. ಚಿಮಣಿ ಮೊದಲು, ನಂಬರು ಕೊನೆಗೆ ಎಂದು ಮಾಸ್ತರರಿಗೆ ಪಾಠ ಹೇಳಿದವನು ನಾನು. ನಾನೇ ಬರಿಯ ನಂಬರು ನೋಡಿ ಹೇಳಿದ್ದೆ.

ಒಂದು ವಾರದ ಮೇಲೆ ಬಣ್ಣಗಾರ ತಂಗಿಯನ್ನು ಕರೆದುಕೊಂಡು ಬಂದ. ಮೂವತ್ತರ ಸುಮಾರಿನ ಹೆಣ್ಣುಮಗಳು. ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿ ಸುತ್ತಿ ಬೆರಳ ತುದಿ ದಡ್ಡುಗಟ್ಟಿದ್ದವು. ತಕ್ಕಡಿಯ ಪಕ್ಕದ ಕಟ್ಟೆಯ ಮೇಲೆ ಕೂತು ಫೋಟೊ ಇಸಿದುಕೊಂಡಳು. ಅಳಲಿಲ್ಲ. ಬಹಳ ಹೊತ್ತು ನೋಡಿದಳು.

“ಇದು ಪ್ಲೇಗಿನ ಮದಲಿಂದು ಅಂತ ನೀ ಹೇಳಿದ್ಯಂತ, ತಮ್ಮಾ?”

“ಹೌದ್ರಿ ಅಕ್ಕಾ.”

“ಇವಗ ಗಡ್ಡ ಐತಿ.”

“ಐತ್ರಿ.”

“ನಾ ಇವನ ಸಂಗಾಟ ಆರು ವರ್ಷ ಬಾಳೇವು ಮಾಡೀನಿ. ಒಂದ ದಿನಾನೂ ಗಡ್ಡ ಬಿಡಲಿಲ್ಲ. ಬೆಂಕಿ ಮುಂದ ಇರಾಂವ ನಾ, ಸುಡತೈತಿ ಅಂತಿದ್ದ.”

“ಮದಿವಿಗಿಂತ ಮದಲ ಬಿಟ್ಟಿರಬೇಕವಾ,” ಎಂದ ಅಣ್ಣ.

“ಬಿಟ್ಟಿರಬೇಕು. ಇಲ್ಲಾ, ಆಮ್ಯಾಲೆ ಬಿಟ್ಟಿರಬೇಕು. ಅದನ್ನ ಕೇಳಾಕ ಬಂದೀನಿ.” ಅವಳು ನನ್ನ ಕಡೆಗೆ ತಿರುಗಿದಳು. “ಹತ್ತು ದಿನಕ್ಕ ನನ್ನ ನಿಕಾಹ್ ಐತಿ. ಹುನಗುಂದದಾಗ ಪಾತ್ರಿಗೆ ಕಲಾಯಿ ಹಾಕಾಂವ, ಹೆಂಡತಿ ಸತ್ತಾಳ, ಎರಡು ಹೆಣ್ಣು ಹುಡುಗೂರು ಅದಾವ. ಛಲೋ ಮನಷ್ಯಾ. ಇವ ಸತ್ತಾನ ಅಂತ ಬಾಯಿ ಮಾತಿನ ಸುದ್ದಿ ಬಂದಿತ್ತು ಅಷ್ಟ. ಮಣ್ಣು ಮಾಡಿದ್ದು ನಾವು ಯಾರೂ ನೋಡಿಲ್ಲ. ಇವ ಬದುಕಿದ್ದು, ನಾ ಇನ್ನೊಬ್ಬನ ಮನಿಗೆ ಹೋದ್ರ ಆ ನಿಕಾಹ್ ನಿಕಾಹ್ ಅಲ್ಲ. ನೀ ಇಂಜಿನ್ ನೋಡಿ ಹೇಳ್ತಿಯಂತ. ಇನ್ನೊಮ್ಮೆ ನೋಡಿ ಹೇಳು.”

“ಪಟ್ಟಿಯೊಳಗ ಸ್ಪಷ್ಟ ಅದ,” ಎಂದರು ಮಾಸ್ತರರು. “ಬಿಚ್ಚಿ ಹಾಕಿದ ಇಂಜಿನ್ನು ಪ್ಲೇಗ್ ಆದ ಮ್ಯಾಲೆ ಎದ್ದು ಬಂದು ಪೂಜಿ ಮಾಡಿಸ್ಕೊಳ್ಳೂದಿಲ್ಲವಾ.”

ನಾನು ಸುಮ್ಮನೆ ಹೌದು ಅನ್ನಬಹುದಿತ್ತು. ಆದರೆ ನಾನು ಇಂಜಿನ್ನನ್ನು ನೋಡಿಯೇ ಇರಲಿಲ್ಲ, ಬಿಲ್ಲೆ ಓದಿದ್ದೆ ಅಷ್ಟೆ. “ಹತ್ತು ದಿನದೊಳಗ ಹೇಳ್ತೇನಿ,” ಎಂದೆ. ಅಣ್ಣ ಮುಖ ಸಿಂಡರಿಸಿದ.

ಅವರು ಹೋದ ಮೇಲೆ ಫೋಟೊ ಮತ್ತೆ ನೋಡಿದೆ. ಎಲ್ಲ ಹೂವು. ಡ್ರೈವರ್ ನಿಲ್ಲುವ ಜಾಗದ ಹಿಂದಕ್ಕೆ ಫೋಟೊವೇ ಮುಗಿದುಹೋಗಿತ್ತು. ನೀರು, ಕಲ್ಲಿದ್ದಲು ಹೊರುವ ಟೆಂಡರ್ ಇರಲೇ ಇಲ್ಲ. ಹಿಂದಿನ ರಟ್ಟನ್ನು ಮುಟ್ಟಿ ನೋಡಿದೆ. ರಟ್ಟಿನ ಅಳತೆಗೆ ಬರಲೆಂದು ಕಾಗದವನ್ನು ಕತ್ತರಿಸಿದ್ದರು. ಹಾಗಾದರೆ ಗಾಜಿನ ಪ್ಲೇಟಿನಲ್ಲಿ ಇನ್ನೂ ಏನೋ ಇರಬೇಕು.

ಪ್ಲೇಟು ಬಾದಾಮಿಯಲ್ಲಿತ್ತು. ಸಾಹೇಬರಿಗೆ ಗುಹೆಗಳ ಫೋಟೊ ತೆಗೆದು ಮಾರುವವನೊಬ್ಬ ಹೊಂಡದ ಹತ್ತಿರ ಮನೆ ಮಾಡಿದ್ದ. ರೈಲಿನ ಫೋಟೊಗಳನ್ನು ತೆಗೆದವನೂ ಅವನೇ. ಎರಡು ದಿನ ರಜೆ ಬೇಡಿ, ಮೂರನೆಯ ದಿನ ಸಿಕ್ಕಿತು. ಮಾಸ್ತರರ ಭೂತಗನ್ನಡಿ ಕಿಸೆಯಲ್ಲಿ ಹಾಕಿಕೊಂಡು ಬಾದಾಮಿಯಲ್ಲಿ ಇಳಿದೆ.

ಫೋಟೊದವನು ಬಾಗಿಲಲ್ಲೇ ನಿಲ್ಲಿಸಿದ. “ಯಾವ ವರ್ಷದ್ದು ಅಂತ ನಾ ಬರದಿಡೂದಿಲ್ಲ. ಗುಡಿ ಒಂದು ಪೆಟಗಿ, ರೈಲು ಒಂದು ಪೆಟಗಿ, ಸತ್ತವರು ಒಂದು ಪೆಟಗಿ. ಅಷ್ಟ.”

“ರೈಲಿನ ಪೆಟಗಿ ತಗೀರಿ.”

“ಒಡದ್ರ?”

“ನಾ ಯಾಕ ಒಡೀಲಿ? ಬಾಯ್ಲರ್ ಕೊಳವಿ ಕೂಡಸಾಂವ ನಾನು.”

“ಅದಕ್ಕ ಕೇಳಿದೆ,” ಎಂದು ನನ್ನ ಕೈ ನೋಡಿದ. ಎರಡು ಸಲ ತೊಳೆಸಿಯೇ ಒಳಗೆ ಬಿಟ್ಟ.

ಅರ್ಧ ಪೆಟ್ಟಿಗೆ ಮುಗಿದ ಮೇಲೆ ಪ್ಲೇಟು ಸಿಕ್ಕಿತು. ಗಾಜಿನಲ್ಲಿ ಎಲ್ಲ ತಿರುಗಾಮುರುಗಾ. ಬಿಳಿಯದೆಲ್ಲ ಕಪ್ಪು, ಕಪ್ಪಗಿನದೆಲ್ಲ ಬಿಳಿ. ಆಕಾಶಕ್ಕೆ ಹಿಡಿದೆ. ಟೆಂಡರ್ ಇತ್ತು! ಪೂರ್ತಿ ಇತ್ತು. ಆದರೆ ಹೀಗೆ ನೋಡಿದರೆ ತಗಡಿನ ಮೇಲಿನದು ಕಲೆಯೋ ಕೆಲಸವೋ ತಿಳಿಯುವಂತಿರಲಿಲ್ಲ.

“ಪೂರ್ತಿ ಅಚ್ಚು ಇಳಸ್ರಿ, ಕತ್ತರಿ ಹಚ್ಚಬ್ಯಾಡ್ರಿ,” ಎಂದೆ. ಅವನು ಗೊಣಗುತ್ತ ಪ್ಲೇಟಿನ ಕೆಳಗೆ ಕಾಗದವಿಟ್ಟು, ಮರದ ಚೌಕಟ್ಟಿನಲ್ಲಿ ಬಿಗಿದು ಅಂಗಳದ ಬಿಸಿಲಿಗೆ ಇಟ್ಟ. ನಾನು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತೆ. ನಡುನಡುವೆ ಅವನು ಚೌಕಟ್ಟಿನ ಹಿಂದಿನ ಅರ್ಧ ಬಾಗಿಲು ತೆರೆದು ನೋಡುತ್ತಿದ್ದ. ಮೊದಲು ಬಾಳೆ ಎಲೆ ಬಂತು, ಆಮೇಲೆ ಬಾಯ್ಲರ್, ಆಮೇಲೆ ಆ ಗಡ್ಡ. ಬಣ್ಣ ಕಂದಾಗುತ್ತ ಹೋಯಿತು. ಸಾಕು ಎಂದು ತೆಗೆದು, ತೊಳೆದು, ಹಗ್ಗಕ್ಕೆ ಹಾಕಿದ. ಒಣಗುವ ತನಕ ನಾನು ಕಾಯಲಿಲ್ಲ. ಹಸಿ ಕಾಗದದ ಮೇಲೆಯೇ ಭೂತಗನ್ನಡಿ ಹಿಡಿದೆ.

ಟೆಂಡರಿನ ತಗಡಿನ ಮೇಲೆ, ಕೆಳಗಡೆ, ಒಂದು ತೇಪೆ. ಅಂಗೈ ಎರಡರಷ್ಟು ಅಗಲ. ಸುತ್ತ ರಿವಿಟ್. ಮೇಲಿನ ಸಾಲಿನಲ್ಲಿ ಬಲದಿಂದ ಎರಡನೆಯ ರಿವಿಟ್ ಸಾಲು ಬಿಟ್ಟು ಕೆಳಗೆ ಜಾರಿತ್ತು.

ಅದು ನನ್ನ ರಿವಿಟ್. ಶೆಡ್ಡಿಗೆ ಸೇರಿದ ಮೇಲೆ ನಾನು ಮಾಡಿದ ಮೊದಲ ಕೆಲಸ. ಮಳೆ ಹನಿಯುತ್ತಿತ್ತು, ಕೈ ಜಾರಿ ತೂತು ಕೆಳಗೆ ಬಿತ್ತು. “ಕೆರೂರ ಕಮ್ಮಾರನ ಮಗಾ, ಎತ್ತಿನ ಲಾಳ ಅಲ್ಲಲೇ ಇದು,” ಎಂದು ಫಿಟರ್ ಕಪಾಳಕ್ಕೆ ಕೊಟ್ಟಿದ್ದ. ಆ ಇಂಜಿನ್ನು ಮೂವತ್ತೇಳು. ಮೂವತ್ತೊಂದರದೇ ಮಾದರಿ, ಅದೇ ಎತ್ತರ, ಅದೇ ಗುಮ್ಮಟ. ನಾನು ಶೆಡ್ಡಿಗೆ ಸೇರಿದ್ದು ಪ್ಲೇಗು ಇಳಿದು ಎರಡನೆಯ ಮಳೆಗಾಲ.

ಹಾಗಾದರೆ ಬಿಲ್ಲೆ? ಕನ್ನಡಿಯನ್ನು ಅಲ್ಲಿಗೆ ಸರಿಸಿದೆ. ನಂಬರ್ ಬಿಲ್ಲೆಗೆ ನಾಲ್ಕು ಬೋಲ್ಟ್ ಇರುತ್ತವೆ. ಇದಕ್ಕೆ ಒಂದೂ ಇರಲಿಲ್ಲ. ತೂತುಗಳಲ್ಲಿ ತಂತಿ ಹಾಯಿಸಿ, ಮೇಲಿನ ಕೈಸಲಾಕೆಗೆ ಸುತ್ತಿ ಕಟ್ಟಿದ್ದರು.

“ಏನ್ ಸಿಕ್ತು?” ಎಂದ ಫೋಟೊದವನು.

“ನನ್ನ ಸೊಟ್ಟ ಕೆಲಸ ಸಿಕ್ತು,” ಎಂದೆ.

“ಭಾಳ ಖುಷಿ ಆದಂಗ ಕಾಣತೈತಿ,” ಎಂದು ಅವನು ಪೆಟ್ಟಿಗೆ ಮುಚ್ಚಿದ.

ಖುಷಿ ಆಗಿದ್ದು ಖರೆ. ಸ್ಟೇಶನ್ನಿಗೆ ನಡೆದು ಬರುವಾಗ ಆ ಹೆಣ್ಣುಮಗಳ ನೆನಪಾಗಿ ಖುಷಿ ಇಳಿಯಿತು.

ಮಾಸ್ತರರು ಹೊಸ ಅಚ್ಚು ನೋಡಿ ತಲೆ ಅಲ್ಲಾಡಿಸಿದರು. “ರಿವಿಟ್ ನಿನ್ನದು ಅಂತ ನೀ ಹೇಳ್ತಿ. ಬಿಲ್ಲೆ ಮೂವತ್ತೊಂದು ಅಂತ ಕಾಗದ ಹೇಳ್ತದ. ನಾ ಯಾವುದು ಬರೀಲಿ? ಬಿಚ್ಚಿದ ಇಂಜಿನ್ನಿನ ಬಿಲ್ಲೆ ಅಲ್ಲಿ ಹೆಂಗ ಬಂತು, ಅದನ್ನ ತೋರಿಸು.”

ಶೆಡ್ಡಿನಲ್ಲಿ ಖಂಡೆ ಪೂಜೆ ನಡೆಸುವವನು ಜಮಾದಾರ. ಇಂಜಿನ್ ಒರೆಸುವವರ ಮೇಲಿನವನು, ಎಲ್ಲರಿಗಿಂತ ಹಳಬ. ಸೇರಿದ ಆ ವರ್ಷದ ಪೂಜೆಯಲ್ಲಿ ನಾನಿರಲಿಲ್ಲ. ಅಪ್ಪನ ಕುಲುಮೆಯ ಅಡಿಗಲ್ಲಿನ ಪೂಜೆಗೆ ಕೆರೂರಿಗೆ ಹೋಗಿದ್ದೆ. ಆಮೇಲಿನ ಪೂಜೆಗಳಲ್ಲಿ ಇದ್ದೆ, ಬಿಲ್ಲೆ ಕಟ್ಟಿದ್ದು ಕಂಡಿಲ್ಲ. ಜಮಾದಾರನ ಮುಂದೆ ಫೋಟೊ ಹಿಡಿದೆ.

“ಈ ತಂತಿ ಯಾರು ಕಟ್ಟಿದ್ರಿ?”

“ಯಾ ತಂತಿ?” ಎಂದ. ಫೋಟೊ ನೋಡಲೇ ಇಲ್ಲ. “ಹೋಗಲೇ, ಬೂದಿ ತಗಿ ಹೋಗು.”

“ಕಾಕಾ, ನೀವಲ್ಲದ ಬ್ಯಾರೆ ಯಾರೂ ಕಟ್ಟಾಕ ಸಾಧ್ಯಿಲ್ಲ.”

“ಸುಳ್ಳು ನಂಬರ ಹಾಕೋದು ಗುನ್ನೆ ಅಂತ ಆ ವರ್ಷ ಸಾಹೇಬ ಬಾಯಿಗೆ ಬಂದಂಗ ಬೈದಾನ. ಇನ್ನೊಮ್ಮೆ ಹೆಸರೆತ್ತಿದ್ರ ಮನಿಗೆ ಕಳಸ್ತೇನಿ ಅಂದಾನ. ನನಗ ಇನ್ನ ಒಂದು ವರ್ಷ ಕೆಲಸ ಐತಿ. ಬಾಯಿ ಮುಚ್ಚು.”

ಹೇಳುವುದಿಲ್ಲ ಎನ್ನುತ್ತಲೇ ಅರ್ಧ ಹೇಳಿಬಿಟ್ಟಿದ್ದ, ಉಳಿದದ್ದನ್ನು ಇಂಜಿನ್ ಒರೆಸುವ ಹಳಬನೊಬ್ಬ ಹೇಳಿದ. ಮೂವತ್ತೊಂದು ಈ ಶೆಡ್ಡಿನಲ್ಲಿ ಬೆಂಕಿ ಕಂಡ ಮೊದಲ ಇಂಜಿನ್. ಅದನ್ನು ಬಿಚ್ಚಿದಾಗ ಇವರು ಬಿಲ್ಲೆ ಮಾತ್ರ ಉಳಿಸಿಕೊಂಡರು. ಪೂಜೆ ಮೊದಲಿನಿಂದ ಮೂವತ್ತೊಂದಕ್ಕೇ ನಡೆದದ್ದು, ಆದ್ದರಿಂದ ಪ್ರತಿ ವರ್ಷ ಆ ದಿನ ಶೆಡ್ಡಿನಲ್ಲಿ ಯಾವ ಇಂಜಿನ್ ನಿಂತಿರುತ್ತದೋ ಅದಕ್ಕೆ ಆ ಬಿಲ್ಲೆ ಕಟ್ಟಿ ಕಾಯಿ ಒಡೆಯುತ್ತಿದ್ದರು. ಸಂಜೆಗೆ ಬಿಚ್ಚಿಡುತ್ತಿದ್ದರು. ಸಾಹೇಬ ಬೈದ ಮೇಲೆ ನಿಂತುಹೋಗಿತ್ತು.

ಜಮಾದಾರನ ಹೆಸರು ಹೇಳದೆ ಇಳಕಲ್ಲಿಗೆ ಹೋಗಬಹುದಿತ್ತು. ಆದರೆ ಬರಿಗೈಲಿ ಹೋದರೆ ಅವಳ ಅಣ್ಣ ನನ್ನ ಮಾತು ನಂಬುವುದಿಲ್ಲ, ಮೊದಲು ಹೇಳಿದ್ದೂ ನಾನೇ. ಸುಮ್ಮನಿದ್ದರೆ ಮೂರು ದಿನಕ್ಕೆ ನಿಕಾಹ್. ಕೊನೆಗೆ ಜಮಾದಾರನಿಗೆ ಎಲ್ಲ ಬಿಡಿಸಿ ಹೇಳಿದೆ. ಬೇಡಿಕೊಳ್ಳಲು ನನಗೆ ಬರುವುದಿಲ್ಲ. ಇದ್ದದ್ದು ಹೇಳಿದೆ.

“ಆ ಬಿಲ್ಲೆ ನೋಡೇ ನಾ ಮೋಸ ಹೋದೆ. ಅಕಿ ಈಗ ಅದ ಬಿಲ್ಲೆ ನಂಬಿ ಇನ್ನೊಬ್ಬನ ಮನಿಗೆ ಹೊಂಟಾಳ. ಗಂಡ ಬದುಕಿದ್ರ ಆ ಪಾಪ ನಿಮ್ಮ ಪೂಜಿ ಹೆಸರಿಗೆ ಹತ್ತತೈತಿ, ನೋಡ್ರಿ.”

ಜಮಾದಾರ ಕೈಯಲ್ಲಿನ ಎಣ್ಣೆ ಅರಿವೆ ಹಿಂಡಿ ಪಕ್ಕಕ್ಕಿಟ್ಟ. ಎದ್ದು, ಮರಳಿನ ಪೆಟ್ಟಿಗೆಗಳ ಹಿಂದೆ ಕೈ ಹಾಕಿ ಒಂದು ಗಂಟು ತೆಗೆದ. ಬಿಲ್ಲೆಯ ಮೇಲೆ ಕುಂಕುಮ ಕರಿಗಟ್ಟಿತ್ತು. ತೂತುಗಳಲ್ಲಿ ತಂತಿಯ ತುಂಡು ಇನ್ನೂ ಇತ್ತು.

“ಒಯ್ಯಿ,” ಎಂದ. “ನನ್ನ ಹೆಸರು ತಗೀಬ್ಯಾಡ. ಕೆಳಗ ಇಡಬ್ಯಾಡ, ನೆಲಕ್ಕ ಇಡೂ ವಸ್ತು ಅಲ್ಲ ಅದು.”

ಇಳಕಲ್ಲಿಗೆ ಮರಳುವ ಎತ್ತಿನ ಗಾಡಿ ಹತ್ತಿದೆ. ಕಮತಗಿಯ ಹತ್ತಿರ ಹೊಳೆ ದಾಟಿ, ಅಮೀನಗಡದಲ್ಲಿ ಎತ್ತು ಬಿಚ್ಚಿ, ಮರುದಿನ ಬಿಸಿಲೇರುವಷ್ಟರಲ್ಲಿ ಹುನಗುಂದ. ಅಲ್ಲಿ ಕಲಾಯಿ ಅಂಗಡಿಯ ಮುಂದೆಯೇ ಗಾಡಿ ಹಾಯಿತು. ಒಬ್ಬ ಗಂಡಸು ಪಾತ್ರೆ ತಿಕ್ಕುತ್ತಿದ್ದ, ಎರಡು ಹುಡುಗಿಯರು ತಿದಿ ಒತ್ತುತ್ತಿದ್ದರು. ನಾನು ಆ ಕಡೆ ಹೆಚ್ಚು ನೋಡಲಿಲ್ಲ. ಬಿಲ್ಲೆ ಬಾಗಲಕೋಟೆಯಿಂದ ಇಳಕಲ್ಲಿನವರೆಗೆ ನನ್ನ ತೊಡೆಯ ಮೇಲೆಯೇ ಇತ್ತು.

ಬಣ್ಣಗಾರನ ಮನೆಯ ಅಂಗಳದಲ್ಲಿ ಗಳಕ್ಕೆ ನೂಲು ಒಣಹಾಕಿದ್ದರು. ಅಣ್ಣ ನನ್ನನ್ನು ನೋಡಿದ ಕೂಡಲೇ, “ಮದಲ ಹೇಳಿದ್ದ ಖರೆ ಐತಿ ಅಂತ ಹೇಳಾಕ ಬಂದಿ ಹೌದಿಲ್ಲೋ?” ಎಂದ.

“ಅಲ್ಲ. ನಾ ತಪ್ಪಿದೆ. ಇದು ಪ್ಲೇಗಿನ ಮ್ಯಾಲಿಂದು.”

ಅವನು ಬಣ್ಣದ ಕೋಲು ಹಾಗೆಯೇ ಹಿಡಿದು ಎದ್ದ. “ಅವತ್ತ ಒಂದು, ಇವತ್ತ ಒಂದು. ನಾಡದ ನಿಕಾಹ್ ಐತಿ, ಮಂದಿಗೆ ಹೇಳೇನಿ. ಒಂದು ಮೊಳಿ ಸೊಟ್ಟ ಐತಿ ಅಂತ ನನ್ನ ತಂಗಿ ಬಾಳೇವು ನಿಲ್ಲಸ್ತಿಯೇನಲೇ?”

“ಮೊಳಿ ಅಲ್ಲ, ರಿವಿಟ್.”

“ಏನರ ಆಗಲಿ!”

“ಭಾಯಿ, ಕೋಲು ಕೆಳಗ ಇಡು,” ಎಂದಳು ತಂಗಿ ಒಳಗಿನಿಂದ ಬಂದು. “ತೋರಿಸಪಾ ತಮ್ಮಾ.”

ತೋರಿಸಿದೆ. ತೇಪೆ, ಸಾಲು ಬಿಟ್ಟ ರಿವಿಟ್, ತಂತಿ. ಭೂತಗನ್ನಡಿಯನ್ನು ಹೇಗೆ ಹಿಡಿಯಬೇಕೆಂದು ಹೇಳಿಕೊಟ್ಟೆ. ಆಮೇಲೆ ಬಿಲ್ಲೆ ಬಿಚ್ಚಿದೆ. ಮೂರರ ಕೆಳಗಿನ ಬಾಲ ಮುಕ್ಕಾಗಿತ್ತು. ಅವಳು ಫೋಟೊದಲ್ಲಿ ಅದನ್ನು ನನಗಿಂತ ಮೊದಲೇ ಹುಡುಕಿದಳು. ಎಳೆ ಎಣಿಸಿ ಬದುಕುವವಳ ಕಣ್ಣು. ಅಣ್ಣನ ಕೈಗೆ ಕನ್ನಡಿ ಕೊಟ್ಟಳು. ಅವನು ಒಂದು ಕಣ್ಣು ಮುಚ್ಚಿ ನೋಡಿದ, ಇನ್ನೊಂದು ಮುಚ್ಚಿ ನೋಡಿದ, ಕೋಲನ್ನು ಗೋಡೆಗೆ ಒರಗಿಸಿದ.

“ಹಂಗಾರ ಇವ ಬದುಕ್ಯಾನೇನು?” ಎಂದಳು ಅವಳು.

“ಆ ವರ್ಷ ಮಹಾನವಮಿ ದಿನ ಬದುಕಿದ್ದ. ಅಷ್ಟ ನಾ ಬಲ್ಲೆ. ಇವತ್ತಿಂದು ಇಂಜಿನ್ ಹೇಳೂದಿಲ್ಲ.”

“ಅಷ್ಟ ಸಾಕು,” ಎಂದಳು. “ಭಾಯಿ, ಹುನಗುಂದಕ್ಕ ನೀ ಹೋಗಿ ಹೇಳ್ತಿಯೋ, ನಾನ ಹೋಗ್ಲ್ಯೋ?”

ಅಣ್ಣ ಅಂಗಿ ಹಾಕಿಕೊಂಡ. ಅವನು ನನ್ನ ಕಡೆ ಮತ್ತೆ ನೋಡಲಿಲ್ಲ. ಅವಳು ಊಟಕ್ಕೆ ಏಳು ಎಂದಳು. ರೊಟ್ಟಿ ಹಾಕಿದಳು. ಬಿಲ್ಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ತಿಂದೆ.

ಮೂವತ್ತೇಳು ಆ ದಿನಗಳಲ್ಲಿ ತೆಂಕಣ ಕಡೆಯ ಒಂದು ಶೆಡ್ಡಿಗೆ ಸೇರಿತ್ತು, ಫಾಯರ್‌ಮನ್ನರೂ ಅಲ್ಲಿಯವರೇ ಬರುತ್ತಿದ್ದರು. ಮಾಸ್ತರರು ಪಟ್ಟಿ ನೋಡಿ ಅದನ್ನು ಪತ್ತೆ ಹಚ್ಚಿದರು. ಅಲ್ಲಿಗೆ ಕಾಗದ ಬರೆದರು, ಫೋಟೊದ ಒಂದು ಅಚ್ಚನ್ನೂ ಕಳಿಸಿದರು. ಇಪ್ಪತ್ತು ದಿನಕ್ಕೆ ಉತ್ತರ ಬಂತು. ಅವನು ಇದ್ದ. ಅಲ್ಲಿಯೇ ಕೆಲಸದಲ್ಲಿದ್ದ, ಬೇರೆ ಹೆಸರಿನಲ್ಲಿ. ಅಲ್ಲಿ ಹೆಂಡತಿಯೂ ಇದ್ದಳು. ಸತ್ತ ಸುದ್ದಿಯನ್ನು ಕಳಿಸಿದವನು ಅವನೇ. ಬಣ್ಣಗಾರ ಇಬ್ಬರು ಹಿರಿಯರನ್ನು ಕಟ್ಟಿಕೊಂಡು ಹೋಗಿ, ತಲಾಖಿನ ಕಾಗದ ಬರೆಸಿಕೊಂಡು ಬಂದ.

ಬಿಲ್ಲೆಯ ತೂತಿನ ತಂತಿ ನೋಡಿದ ಮೇಲೆ ಮಾಸ್ತರರು ಆಲ್ಬಮ್ಮಿನಲ್ಲಿ ಮೂವತ್ತೊಂದಕ್ಕೆ ಕಾಟು ಹೊಡೆದು, “ಇಂಜಿನ್ ಮೂವತ್ತೇಳು, ಪ್ಲೇಗಿನ ನಂತರ, ಮಹಾನವಮಿ, ಬಿಲ್ಲೆ ಬೇರೆಯದು” ಎಂದು ಬರೆದರು. ಬಿಲ್ಲೆ ಎಲ್ಲಿಂದ ಬಂತು ಎಂದು ಬರೆಯಲಿಲ್ಲ. ನಾನೂ ಹೇಳಲಿಲ್ಲ. ಬಿಲ್ಲೆ ಮತ್ತೆ ಮರಳಿನ ಪೆಟ್ಟಿಗೆಗಳ ಹಿಂದೆ ಸೇರಿತು, ಜಮಾದಾರನ ಉಳಿದ ವರ್ಷ ಸುಸೂತ್ರವಾಗಿ ಮುಗಿಯಿತು.

ಆಲ್ಬಮ್ ಕಟ್ಟಿ ಕಳಿಸುವ ಮುಂಚೆ ಅವಳು ಒಮ್ಮೆ ಸ್ಟೇಶನ್ನಿಗೆ ಬಂದಳು, ಅಣ್ಣನ ಗಾಡಿಯಲ್ಲಿ. ತಲಾಖಿನ ಮೇಲೆ ಕಾಯಬೇಕಾದ ಇದ್ದತ್ತಿನ ಮೂರು ತಿಂಗಳು ಮುಗಿದಿತ್ತು. ಹುನಗುಂದದವನು ಕಾದಿದ್ದ. ಮರುವಾರ ನಿಕಾಹ್ ಎಂದಳು.

“ಫೋಟೊದ ಒಂದು ಅಚ್ಚು ಉಳದೈತ್ರಿ ಅಕ್ಕಾ. ಬೇಕೇನ್ರಿ?” ಎಂದೆ.

ಅವಳು ಅದನ್ನು ಕೈಗೆ ತೆಗೆದುಕೊಂಡು, ಮೆಟ್ಟಿಲ ಮೇಲಿನವನ ಮೇಲೆ ಹೆಬ್ಬೆರಳು ಇಟ್ಟು ಮರೆ ಮಾಡಿ ನೋಡಿದಳು.

“ಇಂಜಿನ್ ಛಲೋ ಐತಿ,” ಎಂದಳು. “ಇವನ್ನ ಕತ್ತರಿಸಿ ಒಗದು, ಉಳಿದಿದ್ದು ಕೊಡು.”

ಮಾಸ್ತರರ ಕತ್ತರಿ ತಂದು ಕತ್ತರಿಸಿ ಕೊಟ್ಟೆ. ಇನ್ನು ಹೇಳುವಂಥದ್ದು ನನ್ನಲ್ಲಿ ಏನೂ ಇಲ್ಲ.